ಅಸ್ತು ದೇವತೆಗಳಿಗೆ ಹೆದರದ ಗುಲಾಬಿಯಕ್ಕ

ಕಳೆದ ವಾರ ಗೆಳೆಯ ಸದಾನಂದ ಕಾಪುವಿನಿಂದ ಫೋನು ಮಾಡಿ, ಬರುತ್ತೇನೆ ಎಂದ. ಅವನಿಗಾಗಿ ಕೋಣೆ ಗುಡಿಸುವಾಗ ಹಳೆಯ ಟ್ರಾನ್ಸಿಸ್ಟರಿನ ಚರ್ಮದ ಕವಚ ಸಿಕ್ಕಿತು. ಮೂಸಿದೆ. ಬೂಷ್ಟು ಹಿಡಿದ ಚರ್ಮದ ವಾಸನೆ. ನೀವು ನಗಬಹುದು, ನನಗೆ ಮಾತ್ರ ಅದು ನಾಚಿಕೆಯ ವಾಸನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಪರ್ಕಳದ ಬಾಡಿಗೆ ಕೋಣೆಯಲ್ಲಿ ನಾವಿಬ್ಬರು. ನಾನು ಹಿರಿಯಡ್ಕದಲ್ಲಿ ವಿಜ್ಞಾನದ ಮೇಷ್ಟ್ರು, ಅವನು ಉಡುಪಿಯಲ್ಲಿ ಗುಮಾಸ್ತ. ಅಡುಗೆ ನನ್ನದು, ಮೀನು ಕೊಳ್ಳುವುದು ಅವನದು. ಬಂಗುಡೆಯ ಕಿವಿರು ಬಿಡಿಸಿ ನೋಡದೆ, ರೇಟಿಗೆ ಚರ್ಚೆ ಮಾಡದೆ ಕೊಂಡವನಲ್ಲ. ಅವನಿಗೆ ಗೊತ್ತುಮಾಡಿದ್ದ ಕಾರ್ಕಳದ ಹುಡುಗಿಯ ಮನೆಯವರು ಮದುವೆಯ ನಿಶ್ಚಯ ಮುರಿದ ಮೇಲೆ ಅವನ ಮಾತು ಕಡಿಮೆಯಾಯಿತು. ಕಾರಣ ಅದೊಂದೇ ಎಂದು ನಾನು ತೀರ್ಮಾನಿಸಿದೆ; ಮೇಷ್ಟ್ರುಗಳಿಗೆ ತೀರ್ಮಾನ ಬೇಗ. ಒಂದು ಭಾನುವಾರ, ಯಾರಿಗೂ ಮುಟ್ಟಗೊಡದ ತನ್ನ ಟ್ರಾನ್ಸಿಸ್ಟರನ್ನು ನನ್ನ ಕೈಗಿಟ್ಟು, "ಇಟ್ಟುಕೋ ಮಾರಾಯ, ನನಗಿನ್ನು ಎಂತಕ್ಕೆ?" ಎಂದ. ನಾನು ಥ್ಯಾಂಕ್ಸ್ ಹೇಳಿ ವಾರ್ತೆ ಹಾಕಿದೆ!

ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂದಿತ್ತು. ಆದರೆ ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡಬಾರದು. ಮೇಲಿಂದ ಅಸ್ತು ದೇವತೆಗಳು "ಅಸ್ತು" ಎಂದರೆ ಅದು ನಡೆದೇಬಿಡುತ್ತದಂತೆ. ನನ್ನಮ್ಮ ಸಂಜೆಯ ಮೇಲೆ ಹಾವನ್ನೂ ಹಾವು ಎನ್ನುತ್ತಿರಲಿಲ್ಲ, ಹುಳ ಎನ್ನುತ್ತಿದ್ದಳು. ವಿಜ್ಞಾನದ ಮೇಷ್ಟ್ರಾದ ನಾನೂ ಮೂರು ದಿನ ಸೆಕೆಯ ಬಗ್ಗೆ ಮಾತಾಡಿ ಕಳೆದೆ.

ನಾಲ್ಕನೆಯ ದಿನ ಮೀನು ಮಾರುವ ಗುಲಾಬಿಯಕ್ಕ ಅಂಗಳದಲ್ಲಿ ಬುಟ್ಟಿ ಇಳಿಸಿದಳು.

"ಎಲ್ಲಿ ಅವರು? ಚರ್ಚೆಗೆ ಜನ ಇಲ್ಲದೆ ನನಗೆ ಬೇಜಾರು."

"ಮಲಗಿದ್ದಾನೆ. ಈಗ ಭಾರೀ ಧಾರಾಳಿ. ರೇಡಿಯೋ ನನಗೆ ಕೊಟ್ಟ, ವಾಚು ತಮ್ಮನಿಗೆ ಕಳಿಸಿದ" ಎಂದು ನಕ್ಕೆ.

ಅವಳು ನಗಲಿಲ್ಲ. ಬುಟ್ಟಿಯನ್ನು ಬೆಕ್ಕುಗಳ ಪಾಲಿಗೆ ಬಿಟ್ಟು ಒಳಗೆ ಹೋದಳು. ಅವನ ಪಕ್ಕ ನೆಲದ ಮೇಲೆ ಕೂತು ತುಳುವಿನಲ್ಲಿ ಕೇಳಿದಳು. ಕನ್ನಡದಲ್ಲಿ ಹೇಳಿದರೆ ಇಷ್ಟೇ: "ಮಗಾ, ಸಾಯುವ ಆಲೋಚನೆ ಉಂಟಾ?"

ಸದಾನಂದ ಅವಳನ್ನೇ ನೋಡಿದ. "ಉಂಟು" ಎಂದ. ಆಮೇಲೆ ಅಳತೊಡಗಿದ. ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅವನು ಹೇಳಿದ್ದನ್ನೆಲ್ಲ ಕೇಳುತ್ತಾ ಕೂತಳು. ಕೊನೆಗೆ ನನ್ನತ್ತ ತಿರುಗಿದಳು.

"ಮಾಷ್ಟ್ರೇ, ಇವತ್ತು ಶಾಲೆಗೆ ರಜೆ ಹಾಕಿ. ಇವರನ್ನು ಒಬ್ಬರೇ ಬಿಡ್ಬೇಡಿ. ಮಣಿಪಾಲದಲ್ಲಿ ಇದಕ್ಕೂ ಡಾಕ್ಟ್ರು ಉಂಟು."

"ಕೇಳಲಿಕ್ಕೆ ನಿಮಗೆ ಹೆದರಿಕೆ ಆಗ್ಲಿಲ್ವಾ?"

"ನನ್ನ ತಂಗಿಯನ್ನು ಯಾರೂ ಕೇಳ್ಲಿಲ್ಲ" ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟಳು.

ಅಂದೇ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಒಂದೆರಡು ದಿನದಲ್ಲಿ ಮುಗಿಯಲಿಲ್ಲ, ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಅಂಗಳದಿಂದ ಅವನ ದನಿ ಕೇಳಿತು: "ಇದು ನಿನ್ನೆಯ ಬಂಗುಡೆ ಅಲ್ವಾ?" ಗುಲಾಬಿಯಕ್ಕ ದನಿ ಏರಿಸಿ ಆಣೆ ಪ್ರಮಾಣಕ್ಕೆ ಇಳಿದಳು. ಒಲೆಯ ಮುಂದೆ ನಿಂತು ನಾನು ಅತ್ತುಬಿಟ್ಟೆ, ಮನಸ್ಸು ಅಷ್ಟು ಹಗುರವಾಗಿತ್ತು.

ಮೊನ್ನೆ ಬಂದ ಸದಾನಂದ, ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

"ನಿನ್ನ ಹೆಂಡತಿ ತೀರಿಹೋಗಿ ಆರು ತಿಂಗಳಾಯ್ತು. ಫೋನಿನಲ್ಲಿ ಬರೀ ಮಳೆಯ ವಿಷಯ ಹೇಳ್ತೀ. ಸಾಯುವ ಆಲೋಚನೆ ಉಂಟಾ?"

ಈ ಪ್ರಾಯದಲ್ಲಿ ನನಗೆಂತದು ಎಂದು ಗದರಲು ಬಾಯಿ ತೆರೆದೆ. ಹೊರಗೆ ಬಂದ ಮಾತು ಬೇರೆ.

"ಒಂದೆರಡು ಸಲ ಬಂದದ್ದುಂಟು."

"ಸರಿ. ನಾಳೆ ಡಾಕ್ಟರಲ್ಲಿಗೆ ಹೋಗುವ. ಅಲ್ಲಿಯವರೆಗೆ ಮಾತ್ರ ಅಲ್ಲ, ಆಮೇಲೂ ನಾನು ಇಲ್ಲೇ."

ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಯಿತು.