ಪಂಚಮಿಗೆ ರಜೆ ಕೇಳದವಳು

ರಜೆಯ ದಿನವೂ ಮಕ್ಕಳನ್ನು ಟ್ಯೂಷನ್ನಿಗೆ ಅಟ್ಟುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಯಲಬುರ್ಗಾದ ನಮ್ಮ ನೆರೆಮನೆಯ ದೊಡ್ಡವ್ವ ನೆನಪಾಗುತ್ತಾಳೆ. ನಿಜಾಮರ ಕಾಲದಲ್ಲಿ ನಮ್ಮ ಶಾಲೆಗೆ ದೊರೆಯ ಹುಟ್ಟುಹಬ್ಬಕ್ಕೆ ರಜೆಯಿತ್ತು, ನಾಗರಪಂಚಮಿಗೆ ಇರಲಿಲ್ಲ. "ಹಬ್ಬಕ್ಕ ಯಾರ ಮಂಜೂರಿ ಬೇಕು?" ಎಂದು ಅವಳು ಸೆರಗು ಸೊಂಟಕ್ಕೆ ಸಿಗಿಸಿ ಬೈಯುತ್ತಿದ್ದಳು.

ಒಂದು ಪಂಚಮಿಯಂದು ತಂಬಿಟ್ಟು ಮೆತ್ತಿದ ಕೈಯಲ್ಲೇ ತರಗತಿಗೆ ನುಗ್ಗಿದಳು.

"ಮಾಸ್ತರ, ಜೋಕಾಲಿ ಕಟ್ಟೇವ್ರಿ. ಹುಡುಗ್ಯಾರ್ನ ಕಳಸ್ರಿ."

"ಹುಕುಂ ಇಲ್ಲಬೇ," ಎಂದರು ಮಾಸ್ತರರು.

ಅವಳು ಹುಡುಗಿಯರಾದ ನಮ್ಮನ್ನೆಲ್ಲ ಎಬ್ಬಿಸಿಕೊಂಡು ನಡೆದೇಬಿಟ್ಟಳು.

ಮರುದಿನ ಮಾಸ್ತರರು ನಮ್ಮನ್ನು ಬಿಸಿಲಿಗೆ ನಿಲ್ಲಿಸಿದರು. ಸುದ್ದಿ ತಿಳಿದ ದೊಡ್ಡವ್ವ ಬಂದು ನಮ್ಮ ಪಕ್ಕದಲ್ಲೇ ನಿಂತಳು.

"ಕರಕೊಂಡು ಹೋದಾಕಿ ನಾನು. ನನಗೂ ಶಿಕ್ಷಾ ಕೊಡ್ರಿ."

ಮಾಸ್ತರರು ಮುಖ ತಿರುಗಿಸಿ, "ಒಳಗ ನಡೀರೆವ್ವಾ," ಎಂದರು ನಮಗೆ. ನಾವು ಕೂತು ಪಾಠ ಶುರುವಾಗುವವರೆಗೂ ಅವಳು ಬಿಸಿಲಿನಿಂದ ಕದಲಲಿಲ್ಲ.