ಮಾವ ಒಂದನೇ ತರಗತಿಗೆ ಸೇರಿದ್ದು

ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವನ ಸೊತ್ತು ಅಳಿಯನಿಗೆ ಬರುತ್ತದೆ. ನನಗೆ ಬಂದದ್ದು ಮಾವನೇ. ಹೃದಯ ದುರ್ಬಲವಾಗಿದೆ, ಇನ್ನು ಕೂತೇ ಇರಬೇಕು ಎಂದು ಡಾಕ್ಟರು ತೀರ್ಪು ಕೊಟ್ಟ ದಿನ ನಮ್ಮ ಬಿಜೈ ಮನೆಯ ಹಿರಿಯರೆಲ್ಲ ಸಭೆ ಸೇರಿ, ಅವರನ್ನು ಕೂರಿಸಿಡುವ ಘನಕಾರ್ಯವನ್ನು ನನಗೆ ವಹಿಸಿದರು. ಆರಾಮಕುರ್ಚಿಯೊಂದನ್ನೂ ತರಿಸಿದರು. ಕುರ್ಚಿ ಬಹಳ ಚೆನ್ನಾಗಿತ್ತು. ಬೆಕ್ಕು ಅದರಲ್ಲಿ ಮಲಗುತ್ತಿತ್ತು.

ಮಾವ ವಕೀಲಿ ಬಿಟ್ಟವರು, ಜಗಳ ಬಿಟ್ಟವರಲ್ಲ. ಊರು ಮುಟ್ಟದೆ ದೂರವಿಟ್ಟವರ ಮಕ್ಕಳಿಗೆ ಶಾಲೆ ತೆರೆದ ತಪ್ಪಿಗೆ ಒಂದು ಕಾಲದಲ್ಲಿ ಕ್ಷೌರಿಕ, ಮಡಿವಾಳ, ಪುರೋಹಿತ ಮೂವರೂ ಅವರನ್ನು ಬಿಟ್ಟಿದ್ದರು. "ಗಡ್ಡ ಬಂತು, ಬಟ್ಟೆ ಕೊಳೆಯಾಯ್ತು, ಪುರೋಹಿತರು ಬಾರದ್ದು ಮಾತ್ರ ಗೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದರು.

ಆ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ತರಬೇತಿ ಮುಗಿಸಿ, ಪಡೀಲಿನ ಕಡೆಯ ಶಾಲೆಯೊಂದರ ಒಂದನೇ ತರಗತಿಗೆ ಟೀಚರಾಗಿ ಬಂದಳು. ಮರುದಿನ ತರಗತಿಯಲ್ಲಿ ಒಂದು ಮಗುವೂ ಇಲ್ಲ. ಅವಳು ಮುಟ್ಟಿದ ಸ್ಲೇಟು ಮನೆಯೊಳಗೆ ಬರಕೂಡದೆಂದು ಹಿರಿಯರು ಮಕ್ಕಳನ್ನೇ ತಡೆದಿದ್ದರು. ಇನ್‌ಸ್ಪೆಕ್ಟರು ಬರುವಾಗಲೂ ಬೆಂಚು ಖಾಲಿಯಿದ್ದರೆ ಅವಳ ಕೆಲಸ ಹೋಗುತ್ತದೆಂದು ಹೆಡ್‌ಮಾಸ್ಟರು ಬಹಳ ವಿಷಾದದಿಂದ, ಸ್ವಲ್ಪ ಉತ್ಸಾಹದಿಂದಲೂ, ಹೇಳಿಕಳಿಸಿದರು.

ಸುದ್ದಿ ಕೇಳಿ ಮಾವ ಜಗಲಿಯಲ್ಲಿ ಶತಪಥ ಹಾಕತೊಡಗಿದರು.

"ಕೂತ್ಕೊಳ್ಳಿ ಮಾವ, ಡಾಕ್ಟರು ಹೇಳಿದ್ದಾರೆ."

"ಕೂತ್ಕೊಳ್ತೇನೆ ಮಾರಾಯ. ಎಲ್ಲಿ ಅಂತ ಡಾಕ್ಟರು ಹೇಳ್ಲಿಲ್ಲವಲ್ಲ? ಜಟಕಾ ಕರಿ."

ಶಾಲೆಯೆದುರಿನ ಅಂಗಡಿಯಲ್ಲಿ ಸ್ಲೇಟು ಕೇಳಿದಾಗ ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಎಂತ ವಕೀಲ್ರೇ, ಒಂದನೇ ಕ್ಲಾಸಿನಲ್ಲೇ ಫೇಲಾ?"

"ಊರಿಡೀ ಫೇಲು. ನಾನು ಮೊದಲು ಬಂದೆ, ಅಷ್ಟೆ."

ಪ್ರಾಯ ಮೀರಿದವರನ್ನು ಸೇರಿಸುವಂತಿಲ್ಲ ಎಂದರು ಹೆಡ್‌ಮಾಸ್ಟರು. ಯಾವ ಕಾನೂನಿನಲ್ಲಿ ಉಂಟು, ತೋರಿಸಿ ಎಂದರು ಮಾವ. ಅವರು ಹುಡುಕಲು ಹೋದಾಗ ನಾವು ತರಗತಿಯೊಳಗೆ ನಡೆದೆವು. ಮಾವನನ್ನು ಕಂಡದ್ದೇ ಟೀಚರ್ ಕುರ್ಚಿಯಿಂದ ಎದ್ದು ಗೋಡೆಗೆ ಸರಿದಳು.

"ಕೂತ್ಕೊಳ್ಳಿ ಧಣಿ."

"ಟೀಚರ್ ಕೂರದೆ ಮಕ್ಕಳು ಕೂರ್ಲಿಕ್ಕಿಲ್ಲ."

"ನಿಮ್ಮ ಎದುರು ನಾನು ಕೂರುವುದು ಹೇಗೆ? ನನ್ನ ಅಜ್ಜಿ ನಿಮ್ಮ ಅಂಗಳಕ್ಕೂ ಬಂದವಳಲ್ಲ."

"ಹಾಗಾದ್ರೆ ಇಬ್ರೂ ನಿಲ್ಲುವ."

ನಿಂತರು. ಮಾವನ ಹಣೆಯಲ್ಲಿ ಬೆವರೊಡೆಯಿತು. ಬೆಂಚನ್ನು ಬಿಗಿಯಾಗಿ ಹಿಡಿದರು. ಕೂರಿಸಲು ಭುಜ ಹಿಡಿದರೆ ನನ್ನನ್ನು ದೂಡಿದರು. ಹೃದ್ರೋಗ ಸಾಂಕ್ರಾಮಿಕವಲ್ಲವೆಂದು ಡಾಕ್ಟರು ಹೇಳಿದ್ದು ಸುಳ್ಳು. ನನ್ನ ಎದೆ ಆಗಲೇ ಬಾಯಿಗೆ ಬಂದಿತ್ತು.

"ಅಕ್ಕ, ಒಮ್ಮೆ ಕೂತುಬಿಡಿ" ಎಂದೆ.

ಅವಳ ಕಣ್ಣು ಕಿಟಕಿಯ ಮೇಲಿತ್ತು. ಮುದುಕ ಶಾಲೆಗೆ ಬಂದ ತಮಾಷೆ ನೋಡಲು ತರಗತಿಗೆ ಬಾರದಿದ್ದ ಮಕ್ಕಳೆಲ್ಲ ಸರಳಿಗೆ ಜೋತುಬಿದ್ದಿದ್ದರು. ಹಿಂದೆ ಯಾವುದೋ ಮಗುವಿನ ಅಜ್ಜಿಯೂ ಇದ್ದಳು. ಅಷ್ಟು ಕಣ್ಣುಗಳೆದುರು ಕೂರುವುದೆಂದರೆ ಸಣ್ಣ ಮಾತಲ್ಲ. ಮಾವ ಎದೆಗೆ ಕೈ ಒತ್ತಿಕೊಂಡರು, ಆದರೂ ಕೂರಲಿಲ್ಲ. ಅವಳು ಕುರ್ಚಿ ಎಳೆದಳು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಕೂತ್ಕೊಳ್ಳಿ" ಎಂದಳು. ಧಣಿ ಎನ್ನಲಿಲ್ಲ.

ಮಾವ ತಟ್ಟನೆ ಕೂತರು. ಡಾಕ್ಟರಿಗೂ ಸಂಸಾರಕ್ಕೂ ಆರಾಮಕುರ್ಚಿಗೂ ಆಗದ ಕೆಲಸ. ಮಕ್ಕಳ ಬೆಂಚಿನಲ್ಲಿ ಅವರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕಿಟಕಿಯಲ್ಲಿ ಒಂದು ಮಗು ಕಿಸಕ್ಕನೆ ನಕ್ಕಿತು.

"ನಗುವುದಾದ್ರೆ ಒಳಗೆ ಬಂದು ನಗು" ಎಂದಳು ಟೀಚರ್.

ಅದು ಬಂದೇಬಿಟ್ಟಿತು. ಹಿಂದೆ ಇನ್ನೆರಡು. "ಮೀಯದೆ ಮನೆಯೊಳಗೆ ಕಾಲಿಟ್ಟರೆ ನೋಡು!" ಎಂದು ಅಜ್ಜಿ ಹೊರಗಿನಿಂದಲೇ ಶಾಪ ಹಾಕಿದಳು. ಹೀಗೆ ಆ ಊರಿನ ಮಕ್ಕಳಿಗೆ ವಿದ್ಯೆಯ ಜೊತೆ ಶುಚಿತ್ವವೂ ಬಂತು.

ನಾವು ದಿನಾ ಹೋದೆವು. ಇನ್‌ಸ್ಪೆಕ್ಟರು ಬಂದಾಗ ಬೆಂಚು ತುಂಬಿತ್ತು. ಅವರು ಸಹಿ ಹಾಕಿ ಹೋದ ಸಂಜೆ ಟೀಚರ್ ಮಾವನ ಬಳಿ ಬಂದು, "ಅಜ್ಜ, ಜಾಗ ಸಾಲುವುದಿಲ್ಲ. ನಾಳೆಯಿಂದ ನೀವು ಬರುವುದು ಬೇಡ" ಎಂದಳು. ಶಾಲೆಯಿಂದ ಹೊರಹಾಕಲ್ಪಟ್ಟು ಅಷ್ಟು ಸಂತೋಷಪಟ್ಟ ವಿದ್ಯಾರ್ಥಿಯನ್ನು ನಾನು ನೋಡಿಲ್ಲ.

ಮರುದಿನ ಬೆಳಗ್ಗೆ ನೋಡಿದರೆ ಮಾವ ಕೋಟು ತೊಟ್ಟು, ಸ್ಲೇಟು ಹಿಡಿದು ಜಗಲಿಯಲ್ಲಿ ನಿಂತಿದ್ದಾರೆ.

"ಇವತ್ತು ಎಲ್ಲಿಗೆ?"

"ತೊಕ್ಕೊಟ್ಟಿನ ಹತ್ತಿರ ಇನ್ನೊಬ್ಬ ಟೀಚರಿಗೂ ಹೀಗೇ ಆಗಿದೆಯಂತೆ."

"ಹೊಳೆ ದಾಟ್ಬೇಕು ಮಾವ! ನಿಮಗೆ ಕೂತಿರ್ಲಿಕ್ಕೆ ಹೇಳಿದ್ದಲ್ಲವಾ?"

"ಮತ್ತೆ ದೋಣಿಯಲ್ಲಿ ನಿಂತು ಹೋಗ್ತಾರಾ ಯಾರಾದ್ರೂ?"