ಇಂದ್ರಾಣಿ ಕಂಡ ಮೂರು ಬಿಳುಪು

ತಿ. ನರಸೀಪುರದಿಂದ ಮೂಗೂರಿಗೆ ಹೋಗುವ ರಸ್ತೆಯಲ್ಲಿ ಇಂದ್ರಾಣಿಯ ಪೇಂಟಿಂಗ್ ಶೆಡ್ ಇದೆ. ಬೋರ್ಡಿನ ಮೇಲೆ ಮಗಳ ಹೆಸರು: ಧನುಶ್ರೀ ಆಟೋ ಪೇಂಟ್ಸ್. ಸ್ಪ್ರೇ ಗನ್ ಹಿಡಿಯುವುದು ಗಂಡ ಶಿವಮೂರ್ತಿ. ಬಣ್ಣ ಕಲಸುವುದು, ಕೊನೆಗೆ ಪಾಲಿಶ್ ಹೊಡೆದು ಮುಖ ಕಾಣುವಂತೆ ಮಾಡುವುದು ಇಂದ್ರಾಣಿ. ಗನ್ ಹಿಡಿದಾಗ ಉಸಿರು ಬಿಗಿಹಿಡಿಯುವುದು ಶಿವಮೂರ್ತಿಯ ಅಭ್ಯಾಸ. ಗನ್ ಕೆಳಗಿಟ್ಟ ಮೇಲೂ ಅದು ಬಿಡುವುದಿಲ್ಲ ಎಂಬುದು ಹೆಂಡತಿಯ ದೂರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಾಳೆ.

ಇಂದ್ರಾಣಿಯ ತಂದೆ ಗೋವಿಂದಯ್ಯ ಊರೂರು ತಿರುಗಿ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಸುಣ್ಣಕ್ಕೆ ಚೂರು ನೀಲಿ ಬೆರೆಸುವ ಕೆಲಸ ಎಂಟು ವರ್ಷದ ಇಂದ್ರಾಣಿಯದು. ಒಂದು ದಿನ ತಂದೆಯೇ ನೀಲಿ ಬೆರೆಸಿ ಬಕೆಟ್ ತಂದಿಟ್ಟ ಕೂಡಲೇ, "ಅಪ್ಪಾ, ನೆನ್ನೆ ಗ್ವಾಡೆಗಿಂತ ಇದು ಒಂದು ಚಿಟಿಕೆ ಕಮ್ಮಿ" ಅಂದಳು. ಬಳಿದು ನೋಡಿದರೆ ನಿಜ. "ನಿಂದು ಕಣ್ಣಲ್ಲ ಕಣವ್ವ, ತಕ್ಕಡಿ" ಎಂದರು ಗೋವಿಂದಯ್ಯ.

ಆ ತಕ್ಕಡಿ ಅವಳಿಗೆ ಅನ್ನ ಕೊಟ್ಟಿತು. ಪಿಯುಸಿ ಮುಗಿಸಿ ನಂಜನಗೂಡಿನ ಗುರುಪ್ರಸಾದ್ ಅವರ ಪೇಂಟ್ ಅಂಗಡಿಗೆ ಸೇರಿದಳು. ಅವರು ಬಣ್ಣ ಅಳೆಯುವ ಕಂಪ್ಯೂಟರ್ ಮೆಷಿನ್ ತರಿಸಿದ ಮೇಲೂ ಗಿರಾಕಿಗಳು, "ಮೆಷಿನ್ ಏಳಿದ್ದಾಯ್ತು, ಈಗ ಆಯಮ್ಮ ಏನಂತರೆ ಕೇಳಿ" ಎನ್ನುತ್ತಿದ್ದರು. ಹನ್ನೊಂದು ವರ್ಷ ಅಲ್ಲಿ ದುಡಿದು, ಆಮೇಲೆ ಗಂಡನ ಜೊತೆ ಸ್ವಂತ ಶೆಡ್ ಹಾಕಿದಳು.

ಅದೇ ತಕ್ಕಡಿ ಕಷ್ಟವನ್ನೂ ತಂದದ್ದುಂಟು. ಕಂಡ ಬಣ್ಣವನ್ನು ಹೇಳದೆ ಇರಲು ಅವಳಿಂದ ಆಗದು. ಸೋದರತ್ತೆ ಮುದ್ದಮ್ಮನ ಮಗಳ ಮದುವೆಯಲ್ಲಿ, ಬೀಗರೆಲ್ಲ ಸುತ್ತ ನಿಂತಿರುವಾಗಲೇ, "ಸೀರೆದೂ ರವಿಕೆದೂ ಒಂದೇ ಕೆಂಪಲ್ವಲ್ಲ ಅತ್ತೆ" ಅಂದುಬಿಟ್ಟಳು. ಮದುಮಗಳ ಸೀರೆಯ ಜೊತೆ ಬಂದಿದ್ದ ರವಿಕೆ ಬಟ್ಟೆಯನ್ನು ದರ್ಜಿ ಕೆಡಿಸಿದ್ದ. ಅದನ್ನು ಮುಚ್ಚಿಡಲು ಮುದ್ದಮ್ಮ ಅದೇ ಕೆಂಪಿನ ಬಟ್ಟೆಗಾಗಿ ಮೈಸೂರಿನ ಎಂಟು ಅಂಗಡಿ ಅಲೆದಿದ್ದಳು. ಆರು ತಿಂಗಳು ಆಕೆ ಇಂದ್ರಾಣಿಯ ಮುಖ ನೋಡಲಿಲ್ಲ.

ಕಳೆದ ಮಾರ್ಚ್‌ನ ಒಂದು ಸೋಮವಾರ ಶೆಡ್ಡಿನ ಮುಂದೆ ಬಿಳಿ ಕ್ಯಾರವಾನ್ ಬಂದು ನಿಂತಿತು. ಒಳಗೆ ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಇರುವ, ಮಿನಿ ಬಸ್ಸಿಗಿಂತ ಉದ್ದನೆಯ ಗಾಡಿ. ಇಳಿದವರು ನಂಜನಗೂಡಿನ ಗಂಗಾಧರಸ್ವಾಮಿ ಮತ್ತು ಅವರ ಪತ್ನಿ ಸರ್ವಮಂಗಳಾ. ಅಕ್ಕಿ ಗಿರಣಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಊರೂರು ನೋಡಬೇಕೆಂದು ಸರ್ವಮಂಗಳಾ ಹಟ ಹಿಡಿದಿದ್ದರು. ಗಂಗಾಧರಸ್ವಾಮಿಯವರಿಗೋ ಬೇರೆಯವರ ಮಂಚದಲ್ಲಿ ನಿದ್ದೆ ಹತ್ತದು. ಹಾಗಾಗಿ ಮಂಚವನ್ನೇ ಜೊತೆಗೆ ಒಯ್ಯುವ ಗಾಡಿ ಮನೆಗೆ ಬಂದಿತ್ತು.

"ಪೇಂಟರ್ ಎಲ್ಲಮ್ಮ?" ಗಂಗಾಧರಸ್ವಾಮಿ ಕೇಳಿದರು.

"ನಾವೇ ಸಾ. ಅವ್ರು ಹೊಡೀತಾರೆ, ನಾನು ಬಣ್ಣ ಕಲಸ್ತೀನಿ."

ತಲಕಾಡಿನ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಪಕ್ಕಕ್ಕೆ ಉಜ್ಜಿಕೊಂಡು ಹೋಗಿ, ಎಡಗಡೆ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಗೀರು ಬಿದ್ದಿತ್ತು. ಬರುವ ಸೋಮವಾರ ಧನುಷ್ಕೋಟಿಗೆ ಹೊರಡಬೇಕು. ಈ ಬಣ್ಣ ಹೊರಗಿನಿಂದ ಬರಬೇಕು, ಇಪ್ಪತ್ತು ದಿನ ಹಿಡಿಯುತ್ತದೆ ಎಂದು ಮೈಸೂರಿನಲ್ಲಿ ಯಾರೋ ಹೇಳಿದ್ದರಂತೆ. ಬರೀ ಬಿಳುಪಲ್ಲ ಅದು. ಬಿಸಿಲಿಗೆ ಮುತ್ತಿನಂತೆ ಹೊಳೆದು, ನೆರಳಿಗೆ ಹಾಲಿನ ಕೆನೆಯಾಗುವ ಬಿಳುಪು.

ಗೀರಿಲ್ಲದ ಕಡೆ ಬಣ್ಣ ಹೇಗಿದೆಯೆಂದು ನೋಡಲು ಇಂದ್ರಾಣಿ ಗಾಡಿಯನ್ನು ಸುತ್ತಿ ಬಲಗಡೆಗೆ ಬಂದಳು. ನಿಂತಳು. ಎಡಗಡೆಯದು ಕೆನೆ, ಬಲಗಡೆಯದು ಮಜ್ಜಿಗೆ! ಕಿಟಕಿಯ ರಬ್ಬರಿನ ಅಂಚಿನಲ್ಲಿ ಟೇಪ್ ಅಂಟಿಸಿ ಕಿತ್ತ ಗೆರೆ ಕೂಡ ಕಂಡಿತು. ಈ ಕಡೆಗೆ ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ.

"ಸಾ, ಈ ಕಡೆ..." ಎಂದು ಬಾಯಿ ತೆರೆದಳು. ಗಂಗಾಧರಸ್ವಾಮಿಯವರ ಬೆನ್ನ ಹಿಂದೆ ಸರ್ವಮಂಗಳಾ ತುಟಿಗೆ ಬೆರಳಿಟ್ಟು, ಕಣ್ಣರಳಿಸಿ, ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು.

"...ಈ ಕಡೆ ಚೆನ್ನಾಗ್ ತೊಳ್ದಿದ್ದೀರಿ ಸಾ" ಎಂದಳು ಇಂದ್ರಾಣಿ.

ಅರ್ಧ ಗಂಟೆಯಲ್ಲಿ ಸರ್ವಮಂಗಳಾ ಗಾಡಿಯೊಳಗೇ ಕಾಫಿ ಕಾಯಿಸಿ ತಂದು ಅವಳ ಪಕ್ಕ ಕೂತರು. "ದೀಪಾವಳೀಲಿ ಇವ್ರು ಇಲ್ದಾಗ ನಾನೊಬ್ಳೇ ಓಡಿಸ್ಕೊಂಡು ತಾಂಡವಪುರಕ್ಕೆ ಹೋಗಿದ್ದೆ ಕಣಮ್ಮ, ತವರಿಗೆ. ತಂಗಿಗೆ ತೋರಿಸ್ಬೇಕಿತ್ತು. ಗೇಟಿನ ಕಂಬ ಅಡ್ಡ ಬಂತು."

"ಕಂಬ ಬಂತಾ ಮೇಡಂ?"

"ನಾನೇ ಹೋದೆ ಅಂತಿಟ್ಕೊ. ಇವ್ರಿಗೆ ಗೊತ್ತಾದ್ರೆ ಸ್ಟೇರಿಂಗ್ ಮುಟ್ಟೋಕೆ ಬಿಡಲ್ಲ. ಐವತ್ತೆಂಟಕ್ಕೆ ಡ್ರೈವಿಂಗ್ ಕಲ್ತೋಳು ನಾನು. ನಲವತ್ತೊಂದು ವರ್ಷದ ಸಂಸಾರದಲ್ಲಿ ಇದೊಂದೇ ಸುಳ್ಳು."

ಮಧ್ಯಾಹ್ನ ಸರ್ವಮಂಗಳಾ ಗಾಡಿಯ ಟ್ಯಾಂಕಿಗೆ ನೀರು ತುಂಬಿಸುತ್ತಿದ್ದರು. ಆಗ ಗಂಗಾಧರಸ್ವಾಮಿ ಮೆಲ್ಲಗೆ ಬಂದು, "ಹಿಂದುಗಡೆ ಏನೂ ನೋಡೋದ್ಬೇಡಮ್ಮ, ಅದು ಸರಿಯಾಗೇ ಇದೆ" ಎಂದರು. ನೋಡಬೇಡ ಎಂದ ಮೇಲೆ ಇಂದ್ರಾಣಿ ನೋಡದಿರುತ್ತಾಳೆಯೆ? ಹಿಂಭಾಗದ ಕೆಳಮೂಲೆಯಲ್ಲಿ ಮೂರನೆಯ ಬಿಳುಪು! ಅದೂ ಬ್ರಷ್‌ನಲ್ಲಿ ಬಳಿದದ್ದು, ಹಳೇ ಫ್ರಿಜ್ಜಿನ ಬಣ್ಣ.

ಅವಳ ಮುಖ ನೋಡಿ ಗಂಗಾಧರಸ್ವಾಮಿಗೆ ಅರ್ಥವಾಯಿತು. "ಗಿರಣಿ ಅಂಗಳದಲ್ಲಿ ರಿವರ್ಸ್ ತಗೋವಾಗ ಬೇವಿನ ಮರ ತಗಲ್ತು. ಗಿರಣಿ ಗೋಡೆಗೆ ಬಳಿಯೋನ ಕೈಲೇ ಬಳಿಸ್ದೆ. ಅವಳ ಡ್ರೈವಿಂಗನ್ನ ದಿನಾ ಆಡ್ಕೋತೀನಿ ನಾನು. ಗೊತ್ತಾದ್ರೆ ಧನುಷ್ಕೋಟಿವರೆಗೂ ಅದನ್ನೇ ಕೇಳ್ಬೇಕಾಗುತ್ತೆ. ಒಂದು ಕೈ ನೋಡಮ್ಮ, ಅವಳಿಗೆ ತಿಳೀದ ಹಾಗೆ."

ಇಂದ್ರಾಣಿಯ ಹೊಟ್ಟೆಯಲ್ಲಿ ಈಗ ಎರಡು ಗುಟ್ಟು. ಒಂದನ್ನೇ ಇಟ್ಟುಕೊಂಡು ಅಭ್ಯಾಸವಿಲ್ಲದವಳು. ಗಂಡನಿಗಾದರೂ ಹೇಳೋಣವೆಂದರೆ ಮುದ್ದಮ್ಮನ ಮುಖ ನೆನಪಾಗಿ ಸುಮ್ಮನಾದಳು. ಕೊನೆಗೆ ದಂಪತಿಯನ್ನು ಒಟ್ಟಿಗೆ ನಿಲ್ಲಿಸಿಕೊಂಡು, "ನೋಡಿ, ಗೀರು ಬಿದ್ದಿರೋ ಕಡೆ ಮಾತ್ರ ಹೊಸ್ದಾಗಿ ಹೊಡುದ್ರೆ ಮಿಕ್ಕಿದ್ದು ಮಂಕಾಗಿ ಕಾಣುತ್ತೆ. ಪೂರ್ತಿ ಗಾಡಿ ಉಜ್ಜಿ ಒಂದೇ ಬಣ್ಣ ಹೊಡ್ಯೋದು ಒಳ್ಳೇದು" ಎಂದಳು.

"ಹೊಡೀರಿ ಹೊಡೀರಿ!" ಇಬ್ಬರೂ ಒಂದೇ ಉಸಿರಿಗೆ ಕೂಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡು ದಿನ ಇಂದ್ರಾಣಿ ಬಣ್ಣದ ಹಿಂದೆ ಬಿದ್ದಳು. ಕಲಸಿ, ತಗಡಿನ ತುಂಡಿಗೆ ಹೊಡೆಸಿ, ಒಣಗಿದ ಮೇಲೆ ಎಡಗಡೆಯ ಮೂಲ ಬಣ್ಣದ ಪಕ್ಕ ಹಿಡಿದು, ಒಮ್ಮೆ ಬಿಸಿಲಲ್ಲಿ ಒಮ್ಮೆ ನೆರಳಲ್ಲಿ ನೋಡಿದಳು. ಒಂಬತ್ತನೆಯ ತುಂಡು ಯಾವುದು, ಗಾಡಿ ಯಾವುದು ಎಂದು ಅವಳಿಗೇ ತಿಳಿಯದಾಯಿತು. ಅವತ್ತು ಒಂದು ತಂಬಿಗೆ ನೀರು ಒಂದೇ ಸಲಕ್ಕೆ ಕುಡಿದಳು.

ಬುಧವಾರ ಮಧ್ಯಾಹ್ನ, ಕೆಲಸ ಹೇಗೆ ಸಾಗಿದೆಯೆಂದು ನೋಡಲು ದಂಪತಿ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಶಿವಮೂರ್ತಿ ನೀರು ಹಾಕಿ ಸ್ಯಾಂಡ್ ಪೇಪರಿನಲ್ಲಿ ಗಾಡಿ ಉಜ್ಜುತ್ತಿದ್ದ. ಬಣ್ಣ ಸವೆದಂತೆ ಅಡಿಯ ಹಳೇ ಪುಟ್ಟಿ ಭೂಪಟದಂತೆ ಮೇಲೆದ್ದು ಬಂತು: ಬಲಗಡೆ ಕಂಬದಷ್ಟೇ ನೆಟ್ಟಗಿನ ತಗ್ಗು, ಹಿಂದುಗಡೆ ತೊಗಟೆಯ ಒರಟು ಗುರುತು. ಇಡೀ ದಿನ ಬಾಯಿ ಬಿಡದ ಮನುಷ್ಯ ಆಗ ತಲೆ ಎತ್ತಿ, ಶೆಡ್ಡಿಗೆಲ್ಲ ಕೇಳುವಂತೆ ಕೂಗಿದ:

"ಇಂದ್ರಾ! ಬಲಗಡೆ ಯಾರೋ ಕಂಬಕ್ಕೆ ಗುದ್ದವ್ರೆ ಕಣೇ! ಇಂದ್ಗಡೆ ಯಾವ್ದೋ ಮರಕ್ಕೂ ಗುದ್ದವ್ರೆ!"

ಸ್ಪ್ರೇ ಗನ್ನಿಗೆ ಗಾಳಿ ತುಂಬಿಕೊಳ್ಳುತ್ತಿದ್ದ ಕಂಪ್ರೆಸರ್ ಕೂಡ ಅದೇ ಗಳಿಗೆಗೆ ನಿಂತಿತು. ಇಂದ್ರಾಣಿ ಕೈಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

"ಮರಾನಾ?" ಸರ್ವಮಂಗಳಾ ಗಂಡನ ಕಡೆ ತಿರುಗಿದರು. "ರೀ, ಯಾವ ಮರ?"

"ಮೊದ್ಲು ಕಂಬ ಯಾವ್ದು ಹೇಳು ಮಂಗಳಾ!"

"ತಾಂಡವಪುರದ್ದು. ನಿಮ್ಮದು?"

"...ಗಿರಣಿ ಬೇವಿನ ಮರ."

"ಅಯ್ಯೋ, ನಲವತ್ತು ವರ್ಷದಿಂದ ಅಲ್ಲೇ ನಿಂತಿದೆಯಲ್ರೀ ಅದು! ಕಾಣಿಸ್ಲಿಲ್ವಾ?"

"ನಿಮ್ಮಪ್ಪ ಕಟ್ಟಿಸಿದ ಕಂಬ ಮಾತ್ರ ನೆನ್ನೆ ಹುಟ್ತಾ?"

ಮೊದಲು ನಕ್ಕವರು ಸರ್ವಮಂಗಳಾ. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಗಾಧರಸ್ವಾಮಿಯವರ ಹೊಟ್ಟೆಯೂ ಕುಲುಕತೊಡಗಿತು. ಏನಾಯಿತೆಂದು ತಿಳಿಯದ ಶಿವಮೂರ್ತಿ, "ನಾನೇನ್ ಅಂದೆ ಈಗ?" ಎಂದು ಕೇಳಿದ.

"ಇವತ್ತಿನ್ ಹತ್ತೂ ಮಾತು ಒಂದೇ ಸಲಕ್ಕೆ ಆಡ್ಬುಟ್ರಿ, ಸುಮ್ನೆ ಉಜ್ಜಿ" ಎಂದಳು ಇಂದ್ರಾಣಿ.

ಸರ್ವಮಂಗಳಾ ಅಲ್ಲಿಗೇ ಬಿಡಲಿಲ್ಲ. ಗಾಡಿಯ ಉದ್ದಕ್ಕೂ ಒಂದು ಬಣ್ಣದ ಪಟ್ಟಿ ಬೇಕೆಂದು ಅವರು ಮೊದಲಿನಿಂದ ಕೇಳುತ್ತಿದ್ದರು. ಆಡಂಬರ ಬೇಡವೆಂದು ಗಂಗಾಧರಸ್ವಾಮಿ ತಡೆದಿದ್ದರು. ಈಗ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಸರ್ವಮಂಗಳಾ ಕೊಳ್ಳೇಗಾಲದ ರೇಷ್ಮೆ ಸೀರೆಯೊಂದನ್ನು ತಂದು, ಅದರ ಅಂಚಿನ ನವಿಲುಕತ್ತಿನ ಬಣ್ಣ ತೋರಿಸಿದರು. ಇಂದ್ರಾಣಿ ನೀಲಿಗೆ ಹಸಿರು ಹನಿಹನಿಯಾಗಿ ಬಿಟ್ಟು ಆ ಬಣ್ಣ ಹಿಡಿದಳು. ಇಡೀ ಗಾಡಿಗೆ ಹೊಡೆದ ಬಿಳುಪು ಒಣಗಿದ ಮೇಲೆ ಶಿವಮೂರ್ತಿ ಉಸಿರು ಬಿಗಿಹಿಡಿದು, ಹೆಡ್‌ಲೈಟಿನಿಂದ ಹಿಂದಿನ ಬಾಗಿಲಿನವರೆಗೆ ಸೆರಗು ಹಾಸಿದಂತೆ ಪಟ್ಟಿ ಎಳೆದ. ಮೇಲೆ ಹೊಳಪಿನ ಲ್ಯಾಕರ್ ಹೊಡೆದು ಒಣಗಲು ಬಿಟ್ಟು, ಭಾನುವಾರ ಇಂದ್ರಾಣಿ ಪಾಲಿಶ್ ಮಾಡಿದಳು. ಕೆಲಸ ಮುಗಿದಾಗ ಗಾಡಿಯ ಮೈಯಲ್ಲಿ ರಸ್ತೆಯಾಚೆಯ ತೆಂಗಿನ ಮರಗಳು ಗರಿಗರಿಯಾಗಿ ಕಾಣುತ್ತಿದ್ದವು.

ಸೋಮವಾರ ಬೆಳಗ್ಗೆ ಸ್ಟೇರಿಂಗ್ ಹಿಡಿದವರು ಸರ್ವಮಂಗಳಾ. ಗಂಗಾಧರಸ್ವಾಮಿ ಹಿಂದೆ ನಿಂತು, "ಬಾ, ಬಾ, ಇನ್ನೂ ಬಾ... ಸಾಕು ಸಾಕು!" ಎಂದು ಕೈ ಬೀಸಿದರು. ಎಲ್ಲಿಯೂ ತಗಲಲಿಲ್ಲ.

ನಾಲ್ಕು ದಿನದ ಮೇಲೆ ಇಂದ್ರಾಣಿಯ ಫೋನಿಗೆ ಸರ್ವಮಂಗಳಾ ಅವರ ವಾಯ್ಸ್ ಮೆಸೇಜ್ ಬಂತು. ಹಿಂದೆ ಸಮುದ್ರದ ಗಾಳಿಯ ಸದ್ದು. "ಇಂದ್ರಾಣಿ, ಯಾವ್ದೋ ಹಕ್ಕಿ ನನ್ನ ನವಿಲುಕತ್ತಿನ ಮೇಲೇ ಗಲೀಜು ಮಾಡಿದೆ ಕಣೆ. ಇವ್ರು ತೆಂಗಿನ ನಾರು ಹಿಡ್ಕೊಂಡು ಉಜ್ತೀನಿ ಅಂತ ನಿಂತವ್ರೆ!"

ಇಂದ್ರಾಣಿ ಕೆಲಸ ಬಿಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು ಉತ್ತರಿಸಿದಳು: "ಅಕ್ಕಾ, ನಾರು ಕಿತ್ಕೊಳ್ಳಿ ಮೊದ್ಲು! ಉಜ್ಜಬ್ಯಾಡಿ. ಒದ್ದೆ ಬಟ್ಟೆ ಮೇಲಿಟ್ಟು ನೆನೆಯಕ್ಕೆ ಬಿಡಿ, ಆಮೇಲೆ ಮೆತ್ಗೆ ಒರ್ಸಿ. ಉಪ್ಪು ಗಾಳಿ ಬೇರೆ, ಸಂಜೆಗೊಂದ್ಸಲ ಸಿಹಿನೀರಲ್ಲಿ ತೊಳೀರಿ. ಸ್ವಾಮಿಯೋರ್ನ ದೂರ ಕೂರ್ಸಿ."